ಜನರಲ್ ಗ್ರಾಂಟ್ ಪತ್ರ: ಅಸಲಿಯೋ, ಅಚ್ಚೋ?

ಬಂದರ್_ಬೀದಿ, ಮಂಗಳೂರು
ಅಮೆರಿಕದ ಜನರಲ್ ಗ್ರಾಂಟ್ ಬರೆದದ್ದು ಎನ್ನುವ ಒಂದು ಪುಟದ ಖಾಸಗಿ ಪತ್ರ ಇಲ್ಲಿ ಮಾರಾಟಕ್ಕೆ ಉಂಟು, ಗಾಜಿನ ಫ್ರೇಮಿನಲ್ಲಿ. ಮೇಲೆ ಬಾಂಬೆ, ಫೆಬ್ರವರಿ 1879, ಕೆಳಗೆ ಯು. ಎಸ್. ಗ್ರಾಂಟ್ ಎಂದು ಸಹಿ. ಮಸಿ ಕಂದು. ದುಡ್ಡು ಕೊಡುವ ಮೊದಲು ಏನೇನು ನೋಡಬೇಕು? ತಗೊಂಡರೆ ನಮ್ಮ ಮಳೆಗಾಲದಲ್ಲಿ ಉಳಿಸುವುದು ಹೇಗೆ?

ಹಳೇಮಸಿ, ಉಡುಪಿ
ಊರು, ತಾರೀಖು ಹೊಂದುತ್ತದೆ. 1877ರಲ್ಲಿ ಅಧ್ಯಕ್ಷ ಹುದ್ದೆ ಬಿಟ್ಟು ವಿಶ್ವ ಪ್ರವಾಸ ಹೊರಟ ಗ್ರಾಂಟ್ 1879ರ ಫೆಬ್ರವರಿಯಲ್ಲಿ ಬಾಂಬೆಗೆ ಬಂದದ್ದು ನಿಜ. ಆದರೆ ನಕಲು ಮಾಡುವವನಿಗೂ ಅದು ಗೊತ್ತಿರುತ್ತದೆ ಮಾರಾಯ್ರೆ. ಕಂದು ಮಸಿಯನ್ನೂ ನಂಬಬೇಡಿ, ಕಂದು ಬಣ್ಣದಲ್ಲೇ ಅಚ್ಚು ಹಾಕಿದವು ಬೇಕಷ್ಟಿವೆ.

ಫ್ರೇಮು ಬಿಚ್ಚಿಸಿ. ಚಿನ್ನದ ಅಂಗಡಿಯವರ 10 ಪಟ್ಟಿನ ಲೂಪ್ (ಸಣ್ಣ ಭೂತಗನ್ನಡಿ) ಸಾಕು. ಉಕ್ಕಿನ ನಿಬ್ಬು ಒತ್ತಿದಾಗ ತುದಿ ಸೀಳಿ ಅಗಲುತ್ತದೆ. ಹಾಗಾಗಿ ಮೇಲಿಂದ ಕೆಳಗೆಳೆದ ಗೆರೆಯ ಎರಡೂ ಅಂಚು ಗಾಢ, ನಡುವೆ ತುಸು ತೆಳು. ಗೆರೆ ಮೇಲೆ ಗೆರೆ ಹಾಯ್ದಲ್ಲಿ ಮಸಿ ದಟ್ಟ. ಕಲ್ಲಚ್ಚಿನ (ಲಿಥೋ ಮುದ್ರಣದ) ಪ್ರತಿಯಾದರೆ ಅಲ್ಲೂ ಒಂದೇ ಬಣ್ಣ.

ನಿಜವಾದ ತಲೆನೋವು ಹಳೆ ಕಾಗದದ ಮೇಲಿನ ಹೊಸ ಬರಹ. ಹಳೆ ಪುಸ್ತಕದ ಖಾಲಿ ಹಾಳೆ ಕಿತ್ತು ಬರೆಯುತ್ತಾರೆ. ಮಸಿ ಹರಡದಂತೆ ಆ ಕಾಗದಕ್ಕೆ ಹಾಕಿದ್ದ ಅಂಟು ಸತ್ತಿರುವುದರಿಂದ ಮಸಿ ನಾರಿನಗುಂಟ ಹರಿದು ಅಕ್ಷರದ ಅಂಚು ಕೂದಲೆದ್ದಂತೆ ಕಾಣುತ್ತದೆ. ಮಡಿಕೆಗಳನ್ನು ಬಿಡದೆ ನೋಡಿ: ಮಡಿಕೆ ಸವೆದ ಮೇಲೆ ಬರೆದಿದ್ದರೆ ಮಸಿ ಒಡೆದ ನಾರಿಗೆ ಇಳಿದಿರುತ್ತದೆ.

ಕಡಲತಡಿ, ಮಂಗಳೂರು
ಜೊತೆಗೆ ಅತಿನೇರಳೆ ಟಾರ್ಚು. ನೋಟು ನೋಡುವ ಅಗ್ಗದ 395 ನ್ಯಾನೊಮೀಟರಿನದು ಬೇಡ, ಅದರ ನೇರಳೆ ಬೆಳಕೇ ಕಣ್ಣು ಕಟ್ಟುತ್ತದೆ, 365 ತಗೊಳ್ಳಿ. ಕತ್ತಲಲ್ಲಿ ಕಾಗದ ನೀಲಿ-ಬಿಳಿ ಹೊಳೆದರೆ ಅದರಲ್ಲಿ ಹೊಳಪಿನ ರಾಸಾಯನಿಕ ಉಂಟು, 1879ರಲ್ಲಿ ಅದು ಇರಲೇ ಇಲ್ಲ. ಹೊಳೆಯದಿದ್ದರೆ ಅಸಲಿ ಎಂದೇನಲ್ಲ.

ಬಂದರ್_ಬೀದಿ
ನೋಡಿದೆ. ಅಂಚು ಗಾಢವಿದೆ, ಹೊಳೆಯುವುದಿಲ್ಲ. ಕೈಬರಹ?

ಹಳೇಮಸಿ
ಹಾಗಾದರೆ ಅಚ್ಚಲ್ಲ. ಗ್ರಾಂಟ್ ಪತ್ರಗಳ ದೊಡ್ಡ ಸಂಗ್ರಹ ಮಿಸಿಸಿಪಿ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದೆ. 1877-79ರ ಪತ್ರಗಳ ಜೊತೆಗೇ ಹೋಲಿಸಿ, ಸಹಿ ಮಾತ್ರವಲ್ಲ, ಒಡಲಿನ ಅಕ್ಷರವನ್ನೂ. ಅಧ್ಯಕ್ಷರಾಗಿದ್ದಾಗ ಎಷ್ಟೋ ಪತ್ರಗಳನ್ನು ಕಾರ್ಯದರ್ಶಿಗಳು ಬರೆದು ಇವರು ಸಹಿ ಹಾಕಿದ್ದಿದೆ. ಹೆಂಡತಿ ಜೂಲಿಯಾಗೆ ಬರೆದದ್ದು ಎಂದು ಹೇಳಿ ಕೆಳಗೆ ಯು. ಎಸ್. ಗ್ರಾಂಟ್ ಎಂದಿದ್ದರೆ ಅನುಮಾನಿಸಿ. ಅವಳಿಗೆ ಸಹಿ ತನ್ನ ಮೊದಲ ಹೆಸರಲ್ಲೇ: ಯುಲಿಸೀಸ್, ಆಮೇಲೆ ಬರೀ ಯುಲಿಸ್.

ತಜ್ಞರ ಅಭಿಪ್ರಾಯಕ್ಕೆ ಎರಡೂ ಬದಿಯ 600 ಡಿಪಿಐ ಸ್ಕ್ಯಾನ್ ಕಳಿಸಿ. ಮೂಲ ಪತ್ರ ಹೊರದೇಶಕ್ಕೆ ಬೇಡ: ಐತಿಹಾಸಿಕ ಮೌಲ್ಯವಿದ್ದು 75 ವರ್ಷ ದಾಟಿದ ಬರಹ 1972ರ ಪ್ರಾಚ್ಯವಸ್ತು ಕಾಯ್ದೆಗೆ ಬರುತ್ತದೆ, ಮೊದಲು ಪುರಾತತ್ವ ಇಲಾಖೆಯನ್ನು ಕೇಳಬೇಕು.

ಕಡಲತಡಿ
ಉಳಿಸುವ ವಿಷಯ. ಆ ಕಾಲದ ಮಸಿ ಹೆಚ್ಚಾಗಿ ಮಾಚಿಕಾಯಿ, ಅನ್ನಭೇದಿಯದ್ದು (ಅನ್ನಭೇದಿ ಎಂದರೆ ಕಬ್ಬಿಣದ ಲವಣ). ತೇವ ಸಿಕ್ಕಿದರೆ ಅದರ ಆಮ್ಲವೂ ಕಬ್ಬಿಣವೂ ಸುತ್ತ ಹರಡಿ ಅಕ್ಷರದ ಜಾಗದಲ್ಲಿ ಕಾಗದವೇ ಉದುರುತ್ತದೆ. ಒದ್ದೆ ಬಟ್ಟೆ, ಸೆಲ್ಲೋಟೇಪು, ಲ್ಯಾಮಿನೇಷನ್ ಮೂರೂ ಬೇಡ. ಹೊರಗೋಡೆಗೆ ತೂಗಬೇಡಿ, ಜುಲೈಯಲ್ಲಿ ಫ್ರೇಮಿನ ಹಿಂದೆ ಬೂಷ್ಟು ಗ್ಯಾರಂಟಿ. ಆಮ್ಲರಹಿತ ಕಾಗದದ ಮಡಿಕೆಯಲ್ಲಿಟ್ಟು, ರಬ್ಬರ್ ಅಂಚಿನ ಬಿಗಿ ಡಬ್ಬಿಯಲ್ಲಿ ಸಿಲಿಕಾ ಜೆಲ್, ಸಣ್ಣ ತೇವಮಾಪಕ ಹಾಕಿ. 45ರಿಂದ 55 ಶೇಕಡಾ ಇದ್ದರೆ ಸಾಕು. 40ಕ್ಕಿಂತ ಇಳಿದರೆ ಒಂದು ಪೊಟ್ಟಣ ತೆಗೆಯಿರಿ, ಒಣಗಿದ ಕಾಗದ ಮಡಿಕೆಯಲ್ಲಿ ಸೀಳುತ್ತದೆ. ಜೆಲ್ಲಿನ ಬಣ್ಣ ಬದಲಾದರೆ ಬಿಡಿ ಹರಳನ್ನು ಅವನ್‌ನಲ್ಲಿ 110-120 ಡಿಗ್ರಿಗೆ ಎರಡು-ಮೂರು ಗಂಟೆ ಒಣಗಿಸಿ, ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಿ.