ತಾಮ್ರದ ಪೈಪಿನ ಬೆಸುಗೆ ಒಂದು ಕಡೆ ಹಿಡಿಯುತ್ತಿಲ್ಲ, ಏನು ತಪ್ಪು?

ಬೇಸ್‌ಮೆಂಟ್ ಭಟ್ಟ

ನ್ಯೂಜೆರ್ಸಿಯಲ್ಲಿ 1970ರ ದಶಕದ ಮನೆ. ಬೇಸ್‌ಮೆಂಟಿನ ಅರ್ಧ ಇಂಚಿನ ತಣ್ಣೀರಿನ ಲೈನಿನಲ್ಲಿ ಸೂಜಿಮೊನೆಯಷ್ಟು ತೂತು. ಅಷ್ಟು ಭಾಗ ಕತ್ತರಿಸಿ, 6 ಇಂಚಿನ ಹೊಸ ತುಂಡು ಮತ್ತು ಎರಡು ಸ್ಲಿಪ್ ಕಪ್ಲಿಂಗ್ (ಪೈಪಿನ ತುದಿಗಳನ್ನು ಜೋಡಿಸುವ ಗಿಡ್ಡ ಕೊಳವೆ) ಹಾಕಿದ್ದೇನೆ. ಪ್ರೊಪೇನ್ ಅನಿಲದ ಉರಿಯ ಟಾರ್ಚ್, ಸೀಸವಿಲ್ಲದ ಸೋಲ್ಡರ್ (ಬೆಸುಗೆಯ ಲೋಹದ ತಂತಿ). ಎಡಗಡೆ ಚೆನ್ನಾಗಿ ಕೂತಿತು. ಬಲಗಡೆ ಮಾತ್ರ 5 ನಿಮಿಷ ಕಾಯಿಸಿದರೂ ಸೋಲ್ಡರ್ ಒಳಗೆ ಇಳಿಯದೆ ಗುಂಡುಗುಂಡಾಗಿ ಕೆಳಗೆ ಬೀಳುತ್ತದೆ. ಫ್ಲಕ್ಸ್ (ಬೆಸುಗೆಗೆ ಮೊದಲು ಸವರುವ ಪೇಸ್ಟ್) ಕಪ್ಪಾಗಿದೆ. ಮೇನ್ ವಾಲ್ವ್ ಮುಚ್ಚಿಯೇ ಇದೆ. ಪೈಪಿನಿಂದ ಒಂದೂವರೆ ಇಂಚಿನಲ್ಲಿ ಮರದ ಜಾಯಿಸ್ಟ್ (ಮೇಲಿನ ನೆಲ ಹೊರುವ ತೊಲೆ) ಇರುವುದರಿಂದ ಇನ್ನೂ ಹೆಚ್ಚು ಉರಿ ಕೊಡಲು ಧೈರ್ಯವಿಲ್ಲ. ಊರಿನ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಆಗಿದ್ದರೆ ಸಾಲ್ವೆಂಟ್ ಹಚ್ಚಿ ಒತ್ತಿ ಹಿಡಿದರೆ ಮುಗಿಯುತ್ತಿತ್ತು!

ಸ್ಪ್ಯಾನರ್ ಸಾಹೇಬ

ಒಳಗೆ ನೀರಿದೆ. ಬೇರೆ ಕಾರಣ ಹುಡುಕಬೇಡಿ. ಸೀಸವಿಲ್ಲದ ಸೋಲ್ಡರ್ ಕರಗಲು ಸುಮಾರು 230 ಡಿಗ್ರಿ ಸೆಲ್ಸಿಯಸ್ ಬೇಕು. ನೀರು 100ಕ್ಕೇ ಕುದಿಯುತ್ತದೆ. ಜಾಯಿಂಟಿನ ಹತ್ತಿರ ಹನಿ ನೀರಿದ್ದರೂ ನೀವು ಕೊಟ್ಟ ಶಾಖವೆಲ್ಲ ಆವಿಯಾಗಿ ಹೋಗುತ್ತದೆ, ಪೈಪು ಬಿಸಿಯೇರುವುದಿಲ್ಲ.

ಮೇನ್ ಮುಚ್ಚಿದ ಮಾತ್ರಕ್ಕೆ ಪೈಪು ಬರಿದಾಗುವುದಿಲ್ಲ. ಮನೆಯ ಅತಿ ಕೆಳಗಿನ ನಲ್ಲಿಯನ್ನೂ (ಬಟ್ಟೆ ಒಗೆಯುವ ಸಿಂಕ್ ಅಥವಾ ಹೊರಗಿನ ತೋಟದ ನಲ್ಲಿ) ಮೇಲಿನ ಮಹಡಿಯ ಒಂದು ನಲ್ಲಿಯನ್ನೂ ತೆರೆದಿಡಿ. ಮೇಲಿಂದ ಗಾಳಿ ಒಳಗೆ ಹೋದರೆ ಮಾತ್ರ ಕೆಳಗಿಂದ ನೀರು ಇಳಿಯುವುದು. ಬೆಸುಗೆ ಮುಗಿಯುವವರೆಗೂ ಅವು ತೆರೆದೇ ಇರಲಿ. ಕಟ್ಟಿಕೊಂಡ ಆವಿ ಹೊರದಾರಿ ಕಾಣದಿದ್ದರೆ ಕರಗಿದ ಸೋಲ್ಡರನ್ನೇ ತೂತು ಮಾಡಿಕೊಂಡು ಬರುತ್ತದೆ.

ಹಳೇ ಮೇನ್ ವಾಲ್ವ್ ಜಿನುಗುತ್ತಿದ್ದರೆ, ಅಂಚು ತೆಗೆದ ಬಿಳಿ ಬ್ರೆಡ್ಡನ್ನು ಉಂಡೆ ಮಾಡಿ ಪೈಪಿನೊಳಗೆ ಜಾಯಿಂಟಿನಿಂದ 6–8 ಇಂಚು ದೂರಕ್ಕೆ ತಳ್ಳಿ. ಅದು ನೀರು ಹೀರಿಕೊಂಡಿರುವಷ್ಟರಲ್ಲಿ ಬೆಸುಗೆ ಮುಗಿಸಬೇಕು. ಆಮೇಲೆ ನಲ್ಲಿಯ ತುದಿಯ ಜಾಲರಿ ಬಿಚ್ಚಿ ನೀರು ಬಿಡಿ, ಇಲ್ಲದಿದ್ದರೆ ಬ್ರೆಡ್ಡೆಲ್ಲ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ತಾಮ್ರದ ತಂಬಿಗೆ

ಕಾರಣ ನೀರೇ. ಆದರೆ ಈಗ ನೀರು ತೆಗೆದು ಅದೇ ಕಪ್ಲಿಂಗಿಗೆ ಮತ್ತೆ ಉರಿ ಕೊಟ್ಟರೆ ಹಿಡಿಯುವುದಿಲ್ಲ. ಫ್ಲಕ್ಸ್ ಸುಟ್ಟಿದೆ, ತಾಮ್ರದ ಮೇಲೆ ಕಪ್ಪು ಪದರ ಕಟ್ಟಿದೆ. ಕಾಯಿಸಿ ಕಪ್ಲಿಂಗ್ ಕಿತ್ತು ಬಿಸಾಡಿ, ಹೊಸದು ತನ್ನಿ. ಪೈಪಿನ ತುದಿಗೆ ಅಂಟಿದ ಸೋಲ್ಡರನ್ನು ಬಿಸಿಯಿರುವಾಗಲೇ ದಪ್ಪ ಕೈಗವಸು ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ. ಉಬ್ಬು ಉಳಿದರೆ ಹೊಸ ಕಪ್ಲಿಂಗ್ ಒಳಗೇ ಹೋಗುವುದಿಲ್ಲ.

ಪೈಪಿನ ತುದಿಯನ್ನು ಮುಕ್ಕಾಲು ಇಂಚಿನಷ್ಟು ಎಮರಿ ಬಟ್ಟೆಯಲ್ಲಿ, ಕಪ್ಲಿಂಗಿನ ಒಳಮೈಯನ್ನು ತಂತಿ ಬ್ರಷ್ಷಿನಲ್ಲಿ ಹೊಸ ದುಡ್ಡಿನ ಹಾಗೆ ಹೊಳೆಯುವಂತೆ ಉಜ್ಜಿ. ಉಜ್ಜಿದ ಜಾಗ ಬೆರಳಲ್ಲಿ ಮುಟ್ಟಬೇಡಿ, ಕೈಯ ಜಿಡ್ಡು ಸಾಕು ಕೆಡಿಸಲು. ಪೈಪು ಕತ್ತರಿಸುವಾಗ ಕಟ್ಟರಿನಿಂದ ಒಳಮುಖವಾಗಿ ಮಡಚಿಕೊಂಡ ಅಂಚನ್ನು ರೀಮರಿನಲ್ಲಿ ಕೆರೆದು ತೆಗೆಯಿರಿ. ಆ ಅಂಚು ಉಳಿದರೆ ನೀರು ಅಲ್ಲಿ ಸುಳಿ ತಿರುಗಿ, ವರ್ಷಗಳಾದ ಮೇಲೆ ಪೈಪನ್ನು ಒಳಗಿಂದಲೇ ತಿನ್ನುತ್ತದೆ. ಎರಡೂ ಮೈಗೆ ಫ್ಲಕ್ಸ್ ತೆಳ್ಳಗೆ ಸವರಿ, ಬ್ರೆಡ್ಡಿಗೆ ಬೆಣ್ಣೆ ಮೆತ್ತಿದ ಹಾಗೆ ಬೇಡ.

ಇನ್ನು ಉರಿ. ಕಲಾಯಿ ಹಾಕುವವರನ್ನು ನೋಡಿದ್ದರೆ ಇದು ಹೊಸ ವಿದ್ಯೆಯಲ್ಲ: ಅವರು ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ ಮೈ ಶುದ್ಧ ಮಾಡಿ, ಪಾತ್ರೆಯ ಬಿಸಿಯಲ್ಲೇ ತವರ ಕರಗಿಸುತ್ತಾರೆ. ಇಲ್ಲಿ ನವಸಾಗರದ ಕೆಲಸ ಫ್ಲಕ್ಸಿನದು. ಸೋಲ್ಡರ್ ಕರಗಬೇಕಾದ್ದು ತಾಮ್ರದ ಶಾಖಕ್ಕೆ, ಉರಿಗಲ್ಲ. ಮೊದಲು ಪೈಪಿಗೆ ಸ್ವಲ್ಪ ಉರಿ ತೋರಿಸಿ, ಆಮೇಲೆ ಕಪ್ಲಿಂಗಿನ ನಡುಭಾಗಕ್ಕೆ ಹಿಡಿಯಿರಿ. ಉರಿಯ ಎದುರು ಬದಿಯಲ್ಲಿ ಸೋಲ್ಡರ್ ತಂತಿ ಮುಟ್ಟಿಸಿ ನೋಡುತ್ತಿರಿ. ಒಣಗಿದ ಅರ್ಧ ಇಂಚಿನ ಪೈಪಿಗೆ ಅರ್ಧ ನಿಮಿಷದ ಆಸುಪಾಸು ಸಾಕು. ತಂತಿ ಕರಗಿತೋ, ಉರಿ ತೆಗೆದು ಅಂಚಿನ ಸುತ್ತ ತಂತಿ ಓಡಿಸಿ, ಸಂದೇ ಅದನ್ನು ಒಳಗೆ ಹೀರಿಕೊಳ್ಳುತ್ತದೆ. ಒಂದು ಜಾಯಿಂಟಿಗೆ ಅರ್ಧದಿಂದ ಮುಕ್ಕಾಲು ಇಂಚು ತಂತಿ. ಕೆಳಗೆ ತೊಟ್ಟಿಕ್ಕುತ್ತಿದ್ದರೆ ಹೆಚ್ಚಾಯಿತೆಂದೇ ಅರ್ಥ.

ತಾನಾಗಿ ಆರುವವರೆಗೆ ಅಲುಗಿಸಬೇಡಿ, ನೀರು ಎರಚಬೇಡಿ. ಆರಿದ ಮೇಲೆ ಉಳಿದ ಫ್ಲಕ್ಸ್ ಒರೆಸದಿದ್ದರೆ ಅಲ್ಲಿ ಹಸಿರು ಕಿಲುಬು ಕಟ್ಟುತ್ತದೆ.

ಒಂಬತ್ತನೇ ಮೈಲಿ

ಜಾಯಿಸ್ಟ್ ಅಷ್ಟು ಹತ್ತಿರವಿದ್ದರೆ ಟಾರ್ಚ್ ಏಕೆ ಸ್ವಾಮಿ? ಬೆಸುಗೆಯೇ ಬೇಡದ ಪುಶ್-ಫಿಟ್ ಕಪ್ಲಿಂಗ್ ಒತ್ತಿದರೆ ಆಯಿತು. ಕಣ್ಣಿಗೆ ಕಾಣುವ ಬೇಸ್‌ಮೆಂಟಿನಲ್ಲಿ ಅದಕ್ಕೇನೂ ಅಡ್ಡಿಯಿಲ್ಲ.

ಟಾರ್ಚೇ ಬೇಕೆಂದರೆ: ಮರಕ್ಕೆ ಮೊದಲು ನೀರು ಚಿಮುಕಿಸಿ, ನಡುವೆ ಬೆಂಕಿ ತಡೆಯುವ ಬಟ್ಟೆ ಸಿಕ್ಕಿಸಿ, ಅಗ್ನಿಶಾಮಕ ಕೈಗೆಟುಕುವಲ್ಲಿ ಇರಲಿ. ಕೆಲಸ ಮುಗಿದ ಮೇಲೆ ಒಂದು ಗಂಟೆ ಅಲ್ಲಿಂದ ಏಳಬೇಡಿ. ಮರ ಒಳಗೊಳಗೇ ಕನಲಿ ತಡವಾಗಿ ಹೊತ್ತಿಕೊಳ್ಳುವುದುಂಟು.

ಮತ್ತೊಂದು ವಿಷಯ ಯಾರೂ ಹೇಳಲಿಲ್ಲ. ಹಳೇ ಮನೆಗಳಲ್ಲಿ ವಿದ್ಯುತ್ತಿನ ಅರ್ಥಿಂಗ್ ನೀರಿನ ಪೈಪಿಗೇ ಕಟ್ಟಿರುತ್ತಾರೆ. ಪೈಪು ಕತ್ತರಿಸಿ ಎರಡೂ ತುದಿ ಕೈಯಲ್ಲಿ ಹಿಡಿದರೆ ಶಾಕ್ ಹೊಡೆಯಬಹುದು. ಕಪ್ಲಿಂಗ್ ಕೀಳುವ ಮೊದಲೇ ಎರಡು ಬದಿಗೂ ದಪ್ಪ ಜಂಪರ್ ತಂತಿಯನ್ನು ಕ್ಲ್ಯಾಂಪಿನಿಂದ ಬಿಗಿಯಿರಿ.

ತಾಮ್ರದ ತಂಬಿಗೆ

ಪುಶ್-ಫಿಟ್ಟಿಗೆ ನುಣ್ಣನೆಯ ಪೈಪು ಬೇಕು ಮಾರಾಯ್ರೇ. ಹಳೇ ಸೋಲ್ಡರಿನ ಗೀರು ಉಳಿದಿದ್ದರೆ ಒಳಗಿನ ರಬ್ಬರ್ ಉಂಗುರ ಹರಿಯುತ್ತದೆ. ಆ ತುದಿಯಲ್ಲಿ ಒಂದು ಇಂಚು ಕತ್ತರಿಸಿ ತೆಗೆದು, ನಡುವಿನ ತುಂಡನ್ನು ಅಷ್ಟೇ ಹೆಚ್ಚು ಉದ್ದದ್ದು ಹಾಕುವುದಾದರೆ ನನ್ನದೇನೂ ತಕರಾರಿಲ್ಲ.

ಬೇಸ್‌ಮೆಂಟ್ ಭಟ್ಟ

ಕೆಳಗಿನ ನಲ್ಲಿ ತೆರೆದಾಗ ಅರ್ಧ ಬಕೆಟ್ ನೀರು ಬಂತು! ಜಂಪರ್ ಕಟ್ಟಿಯೇ ಮುಂದುವರಿಯುತ್ತೇನೆ. ಬಲಗಡೆ 4 ಇಂಚಿನಾಚೆ ಹಳೇ ಎಲ್ಬೋ (ಪೈಪು ತಿರುಗುವ ಮೂಲೆಯ ಜೋಡಣೆ) ಇದೆ, ಅದಕ್ಕೇನಾದರೂ ಆಗುತ್ತದೆಯೇ? ಆ ಕಾಲದ ಸೋಲ್ಡರಿನಲ್ಲಿ ಸೀಸ ಇರುತ್ತದೆಯೇ?

ಸ್ಪ್ಯಾನರ್ ಸಾಹೇಬ

ಇರುವ ಸಾಧ್ಯತೆಯೇ ಹೆಚ್ಚು. ಅಮೆರಿಕದಲ್ಲಿ ಕುಡಿಯುವ ನೀರಿನ ಪೈಪಿಗೆ ಸೀಸದ ಸೋಲ್ಡರ್ ನಿಷೇಧವಾದದ್ದು 1986ರ ಕಾನೂನು ತಿದ್ದುಪಡಿಯಲ್ಲಿ. ಅದಕ್ಕೂ ಮೊದಲು ಅರ್ಧ ತವರ, ಅರ್ಧ ಸೀಸದ ಸೋಲ್ಡರೇ ಹೆಚ್ಚಾಗಿ ಬಳಕೆಯಲ್ಲಿತ್ತು. ಅದು 183 ಡಿಗ್ರಿಗೇ ಮೆತ್ತಗಾಗತೊಡಗುತ್ತದೆ, ಅಂದರೆ ನಿಮ್ಮ ಹೊಸ ಜಾಯಿಂಟ್ ಕೂರುವ ಮೊದಲೇ ಹಳೇ ಎಲ್ಬೋ ಸಡಿಲವಾದೀತು. ಅದಕ್ಕೆ ಚೆನ್ನಾಗಿ ನೆನೆಸಿದ ಬಟ್ಟೆ ಸುತ್ತಿ.

ಮುಗಿದ ಮೇಲೆ ಮೇನ್ ವಾಲ್ವನ್ನು ನಿಧಾನವಾಗಿ ತೆರೆದು, ಜಾಲರಿ ಬಿಚ್ಚಿದ ನಲ್ಲಿಯಲ್ಲಿ ತಣ್ಣೀರನ್ನು ಕೆಲವು ನಿಮಿಷ ಹರಿಯಬಿಡಿ. ಜಾಯಿಂಟಿನ ಕೆಳಗೆ ಒಣ ಪೇಪರ್ ಟವೆಲ್ ಕಟ್ಟಿಟ್ಟು ಬೆಳಗ್ಗೆ ನೋಡಿ. ಮತ್ತೆ ಪೈಪು ಕೊಳ್ಳುವಾಗ ನೀಲಿ ಅಕ್ಷರದ ಎಲ್ ಟೈಪ್ ತನ್ನಿ, ಕೆಂಪಕ್ಷರದ ಎಂ ಬೇಡ. ಅರ್ಧ ಇಂಚಿನದರಲ್ಲಿ ಎಂ ಪೈಪಿನ ಗೋಡೆಯ ದಪ್ಪ 0.028 ಇಂಚು, ಎಲ್ 0.040. ಇದೇ ಲೈನಿನಲ್ಲಿ ಇನ್ನೊಂದು ತೂತು ಬಿದ್ದರೆ ತೇಪೆ ಹಾಕುತ್ತ ಕೂರದೆ ಇಡೀ ಲೈನನ್ನೇ ಬದಲಿಸಿ.