‘ಬಿಳಿ ಕಾಲರ್ ಅಪರಾಧ’ಕ್ಕೆ ಕನ್ನಡದಲ್ಲಿ ಒಪ್ಪುವ ಪದ ಯಾವುದು?

ಮಾನ್ಯರೇ,

ದಾವಣಗೆರೆಯಲ್ಲಿ ಕನ್ನಡ ಮಾಧ್ಯಮದ ಪದವಿ ವಿದ್ಯಾರ್ಥಿಗಳಿಗೆ ಸಮಾಜಶಾಸ್ತ್ರ ಕಲಿಸುವ ನಾನು ‘ವೈಟ್ ಕಾಲರ್ ಕ್ರೈಮ್’ (ಗೌರವಸ್ಥರು ತಮ್ಮ ಉದ್ಯೋಗದ ನಡುವೆಯೇ ಎಸಗುವ ಅಪರಾಧ) ಎಂಬುದನ್ನು ಈವರೆಗೆ ‘ಬಿಳಿ ಕಾಲರ್ ಅಪರಾಧ’ ಎಂದೇ ಬರೆಸುತ್ತಿದ್ದೆ. ಈ ವರ್ಷ ಜಗಳೂರು ಕಡೆಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, ‘ಸರ್, ಮೆಕ್ಕೆಜೋಳ ಮಾರೋಕೆ ಬರುವಾಗ ನಮ್ಮಪ್ಪನೂ ಬಿಳಿ ಅಂಗಿ ಹಾಕ್ತಾರೆ, ಮಂಡಿ ಸಾಹುಕಾರರೂ ಬಿಳಿ ಅಂಗಿಯಲ್ಲೇ ಇರ್ತಾರೆ. ಇದರಲ್ಲಿ ಬಿಳಿ ಕಾಲರ್ ಯಾರದು?’ ಎಂದು ಕೇಳಿದಳು. ಕಚೇರಿಯವರ ಬಿಳಿ ಕಾಲರು, ಕಾರ್ಖಾನೆಯವರ ನೀಲಿ ಅಂಗಿ ಎಂಬ ಭೇದ ಅಮೆರಿಕದ್ದು. ಆ ಹಿನ್ನೆಲೆಯಿಲ್ಲದೆ ಪದ ನಮ್ಮ ಮಕ್ಕಳಿಗೆ ಏನನ್ನೂ ಹೇಳುವುದಿಲ್ಲ.

ನಮ್ಮ ಮಾರುಕಟ್ಟೆಯಲ್ಲಿ ‘ಬಿಳಿ’ಗೆ ಬೇರೆಯೇ ಅರ್ಥವಿದೆ. ನನ್ನ ತಂದೆಯವರಿಗೆ ಒಮ್ಮೆ ಮಂಡಿಯೊಂದರಲ್ಲಿ ಕೊಟ್ಟ ‘ಬಿಳಿ ಚೀಟಿ’ ಇನ್ನೂ ನನ್ನ ಬಳಿ ಇದೆ. ಅದರ ಮೇಲೆ ಅಂಗಡಿಯ ಹೆಸರಿಲ್ಲ, ರಸೀದಿ ಸಂಖ್ಯೆಯಿಲ್ಲ. ತೂಕ, ದರ, ಕೆಳಗೆ ರೈತನಿಂದ ಕಡಿಯಬಾರದ ದಲಾಲಿಯ ಕಡಿತ, ಅಷ್ಟೇ. ಅದನ್ನು ತೋರಿಸುತ್ತ ತಂದೆಯವರು ಹೇಳಿದ್ದು, ‘ಸಾಹುಕಾರರು ಸ್ವಲ್ಪ ಹಿಡ್ಕೊಂಡಿದ್ದಾರೆ’ ಎಂದು. ತೋಟದಲ್ಲಿ ನಾಲ್ಕು ತೆಂಗಿನಕಾಯಿ ಕಿತ್ತ ಹುಡುಗನನ್ನು ಅವರೇ ‘ಕಳ್ಳ’ ಎಂದು ಕರೆದಿದ್ದರು. ಒಂದು ಕಡೆ ಏಕವಚನದ ‘ಕದ್ದ’, ಇನ್ನೊಂದು ಕಡೆ ಬಹುವಚನದ ‘ಹಿಡಿದುಕೊಂಡರು’. ನನ್ನ ಪ್ರಶ್ನೆಯ ಮೂಲ ಇಲ್ಲಿದೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್‌ಲ್ಯಾಂಡ್ 1939ರಲ್ಲಿ ಈ ಪದವನ್ನು ಮುಂದಿಟ್ಟದ್ದೇ ಇಂತಹ ಭೇದವನ್ನು ಪ್ರಶ್ನಿಸುವುದಕ್ಕೆ. ಸಮಾಜದಲ್ಲಿ ಗೌರವವೂ ಉನ್ನತ ಸ್ಥಾನವೂ ಇರುವ ವ್ಯಕ್ತಿ ತನ್ನ ಉದ್ಯೋಗ ನಡೆಸುತ್ತ ಎಸಗುವ ಅಪರಾಧ ಎಂಬುದು ಅವರ ವಿವರಣೆ. 1949ರ ತಮ್ಮ ಗ್ರಂಥದಲ್ಲಿ ಅವರು 70 ದೊಡ್ಡ ಕಂಪನಿಗಳ ವಿರುದ್ಧ ಬಂದ 980 ತೀರ್ಮಾನಗಳನ್ನು ಪರಿಶೀಲಿಸಿದರು. ಅವುಗಳಲ್ಲಿ ಹೆಚ್ಚಿನವು ಕ್ರಿಮಿನಲ್ ನ್ಯಾಯಾಲಯದಿಂದ ಬಂದವಲ್ಲ. ಕೃತ್ಯ ಅಪರಾಧವೇ ಆಗಿದ್ದರೂ ವಿಚಾರಣೆಯ ದಾರಿ ಬೇರೆಯಾದ್ದರಿಂದ ಆ ಹೆಸರು ಅದಕ್ಕೆ ಅಂಟುವುದಿಲ್ಲ ಎಂಬುದು ಅವರ ವಾದ. ಆದ್ದರಿಂದಲೇ ನಮ್ಮ ಪತ್ರಿಕೆಗಳ ‘ಅವ್ಯವಹಾರ’ವನ್ನು ನಾನು ಒಪ್ಪಲಾರೆ. ಸಹಕಾರ ಸಂಘದ ಠೇವಣಿ ಕರಗಿದರೂ ‘ಅವ್ಯವಹಾರ’, ಕಾಮಗಾರಿಯ ಬಿಲ್ಲು ಸುಳ್ಳಾದರೂ ‘ಅವ್ಯವಹಾರ’. ಅಪರಾಧವೆಂಬ ಮಾತು ಅಲ್ಲಿಂದ ಸದ್ದಿಲ್ಲದೆ ಜಾರಿಹೋಗಿರುತ್ತದೆ.

ಹಾಗಾದರೆ ಪರ್ಯಾಯವೇನು? ‘ಮರ್ಯಾದಸ್ಥರ ಅಪರಾಧ’ ಎಂದರೆ ಆಡುಮಾತಿಗೆ ಹತ್ತಿರ, ಆದರೆ ‘ಮರ್ಯಾದಾ ಹತ್ಯೆ’ಯ ನೆರಳು ಬೀಳುತ್ತದೆ, ಜೊತೆಗೆ ಗಣ್ಯನೊಬ್ಬ ಮನೆಯಲ್ಲಿ ಮಾಡಿದ ಕೊಲೆಯೂ ಅದರೊಳಗೆ ಬಂದುಬಿಡುತ್ತದೆ. ‘ವೃತ್ತಿ ಅಪರಾಧ’ ಎಂದರೆ ಕಳ್ಳತನವನ್ನೇ ಕಸುಬಾಗಿಸಿಕೊಂಡವರ ನೆನಪಾಗುತ್ತದೆ, ಮತ್ತು ಅದು ಸದರ್‌ಲ್ಯಾಂಡರೇ ಬೇರೆಯಾಗಿ ಅಧ್ಯಯನ ಮಾಡಿದ ವಿಷಯ. ಸದ್ಯಕ್ಕೆ ನನ್ನ ಮನಸ್ಸು ‘ಪ್ರತಿಷ್ಠಿತರ ವ್ಯವಹಾರಾಪರಾಧ’ದ ಕಡೆಗಿದೆ. ಪದ ಉದ್ದವಾಯಿತು, ನಿಜ. ಆದರೆ ಯಾರು, ಎಲ್ಲಿ, ಏನು ಎಂಬ ಮೂರನ್ನೂ ಅದು ಬಿಟ್ಟುಕೊಡುವುದಿಲ್ಲ.

ಇದರ ಜೊತೆಗೇ ಬರುವ ಸದರ್‌ಲ್ಯಾಂಡರ ‘ಡಿಫರೆನ್ಷಿಯಲ್ ಅಸೋಸಿಯೇಷನ್’ ಸಿದ್ಧಾಂತಕ್ಕೆ ‘ವಿಭೇದಕ ಸಾಹಚರ್ಯ’ ಎನ್ನುವುದಕ್ಕಿಂತ ‘ಸಹವಾಸ’ ಎಂಬ ಮಾತೇ ಲೇಸೆಂದು ನನ್ನ ಅಭಿಪ್ರಾಯ. ಆದರೆ ‘ಸಹವಾಸದಿಂದ ಸನ್ಯಾಸಿ ಕೆಟ್ಟ’ ಎಂಬ ಗಾದೆ ಕೆಟ್ಟವರ ಸಂಗವನ್ನು ಮಾತ್ರ ದೂರುತ್ತದೆ. ಸಿದ್ಧಾಂತ ಹೇಳುವುದು ಕಲಿಕೆಯನ್ನು: ಮಂಡಿಗೆ ಹೊಸದಾಗಿ ಸೇರಿದ ಗುಮಾಸ್ತ ಎರಡು ಲೆಕ್ಕದ ಪುಸ್ತಕ ಬರೆಯುವ ವಿಧಾನವನ್ನೂ, ‘ಎಲ್ಲರೂ ಹೀಗೇ ಮಾಡೋದು’ ಎಂಬ ಸಮರ್ಥನೆಯನ್ನೂ ಒಟ್ಟಿಗೇ ಕಲಿಯುತ್ತಾನೆ, ಮತ್ತು ಕಾನೂನನ್ನು ಮುರಿಯಲು ಒಲಿಸುವ ಮಾತುಗಳು ತಡೆಯುವ ಮಾತುಗಳಿಗಿಂತ ಹೆಚ್ಚಾದಾಗ ಅಪರಾಧಕ್ಕೆ ಇಳಿಯುತ್ತಾನೆ. ಈ ತೂಗಾಟವನ್ನು ಹಿಡಿಯುವ ವಿಶೇಷಣ ನನಗೆ ಹೊಳೆದಿಲ್ಲ. ‘ಏರುಪೇರಿನ ಸಹವಾಸ’ ಎಂದರೆ ಆದೀತೇ?

ಚಿತ್ರದುರ್ಗ, ದಾವಣಗೆರೆಯ ನ್ಯಾಯಾಲಯಗಳಲ್ಲಿ ಕನ್ನಡದಲ್ಲೇ ದೋಷಾರೋಪಣ ಪಟ್ಟಿ ಓದುವ ವಕೀಲ ಮಿತ್ರರು ಇಂತಹ ಪ್ರಕರಣಗಳನ್ನು ತಮ್ಮೊಳಗೆ ಯಾವ ಹೆಸರಿನಿಂದ ಕರೆಯುತ್ತಾರೆ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.