ಗ್ಯಾಂಗ್ ನಡೆಸುವವನನ್ನು ‘ನಾಯಕ’ ಎನ್ನಬೇಕೇ?

ಎಲ್ಲರಿಗೂ ಬಳ್ಳಾರಿಯಿಂದ ನಮಸ್ಕಾರ.

ಕನ್ನಡದಲ್ಲಿ ಕಾನೂನು ಓದುವ ವಿದ್ಯಾರ್ಥಿಗಳಿಗಾಗಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಅಮೆರಿಕದ ಟೆಕ್ಸಾಸ್ ರಾಜ್ಯ 2009ರಲ್ಲಿ ತನ್ನ ದಂಡಸಂಹಿತೆಗೆ ಸೇರಿಸಿದ ಒಂದು ಕಲಂ ಅದರ ವಿಷಯ. ‘ಕ್ರಿಮಿನಲ್ ಸ್ಟ್ರೀಟ್ ಗ್ಯಾಂಗ್’ಗಳನ್ನು ಮೇಲೆ ಕುಳಿತು ನಡೆಸುವವರಿಗೆಂದೇ ಮಾಡಿದ ಕಲಂ ಅದು. ಅಂಥವನು ತಾನೇ ಕತ್ತಿ ಹಿಡಿದಿರಬೇಕಾಗಿಲ್ಲ. ಕಾನೂನು ಪಟ್ಟಿ ಮಾಡಿರುವ ಘೋರ ಅಪರಾಧಗಳಿಗೆ ತಿಳಿದೂ ಹಣ ಒದಗಿಸಿದ, ಅಪ್ಪಣೆ ಕೊಟ್ಟ, ಉಸ್ತುವಾರಿ ನೋಡಿದ ಎಂದು ಸಾಬೀತಾದರೆ ಕನಿಷ್ಠ 25 ವರ್ಷ ಸೆರೆ. ಹೆಚ್ಚೆಂದರೆ 99 ವರ್ಷ ಇಲ್ಲವೇ ಜೀವಾವಧಿ. ಇಷ್ಟನ್ನು ಬರೆಯಲು ಕಷ್ಟವಾಗಲಿಲ್ಲ. ಆ ವ್ಯಕ್ತಿಗೆ ಏನೆಂದು ಹೆಸರಿಡುವುದು ಎಂಬಲ್ಲಿ ಬರಹ ನಿಂತಿದೆ.

ಪತ್ರಿಕೆಗಳನ್ನು ತೆರೆದರೆ ‘ಕಳ್ಳರ ತಂಡದ ನಾಯಕನ ಬಂಧನ’ ಎಂಬ ಶೀರ್ಷಿಕೆ ಸಲೀಸಾಗಿ ಸಿಗುತ್ತದೆ. ಬೇರೆ ಕಡೆ ಇದು ಯಾರಿಗೂ ಅಡ್ಡಬಾರದು. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಹಾಗಲ್ಲ. ಇಲ್ಲಿ ‘ನಾಯಕ’ ಎಂದರೆ ಮೊದಲು ನೆನಪಾಗುವುದು ಒಂದು ಸಮುದಾಯ. ಬಳ್ಳಾರಿ, ರಾಯಚೂರು ಎರಡೂ ಲೋಕಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿವೆ ಎಂದರೆ ವಾಲ್ಮೀಕಿ ನಾಯಕರ ಸಂಖ್ಯೆ ಊಹಿಸಬಹುದು. ಹೆಸರಿನ ಕೊನೆಗೆ ‘ನಾಯಕ’ ಎಂದಿರುವ ಮೇಷ್ಟರು, ವಕೀಲರು, ರೈತರು ಪ್ರತಿ ಊರಿನಲ್ಲೂ ಇದ್ದಾರೆ. ಇನ್ನು ಲಂಬಾಣಿ ತಾಂಡಾಗಳಲ್ಲಿ ಊರ ಹಿರಿಯನ ಪದವಿಯ ಹೆಸರೇ ನಾಯಕ. ಡಾವ್, ಕಾರಭಾರಿ ಎಂಬ ತಾಂಡಾದ ಇತರ ಹಿರಿಯರ ಜೊತೆ ಕುಳಿತು ನ್ಯಾಯ ತೀರಿಸುವವನು ಅವನು. ‘ತಂಡದ ನಾಯಕ’ಕ್ಕೂ ‘ತಾಂಡಾದ ನಾಯಕ’ಕ್ಕೂ ಇರುವ ಅಂತರ ಎರಡು ದೀರ್ಘಗಳದ್ದು. ಅಚ್ಚಿನಲ್ಲಿ ಆ ದೀರ್ಘಗಳು ತಪ್ಪಿದರೆ ಯಾರ ಮರ್ಯಾದೆ ಹೋಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ಎಚ್ಚರ ಅತಿಯಾಯಿತು ಎನ್ನುವವರಿಗೆ ಒಂದು ಮಾತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲಿ ‘ಬುಡಕಟ್ಟು, ಗ್ಯಾಂಗ್ ಅಥವಾ ವರ್ಗ’ ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಲಾಗಿತ್ತು. ಅಲೆಮಾರಿ ಜನ ಹುಟ್ಟಿದ ತಪ್ಪಿಗೇ ಠಾಣೆಗೆ ಹಾಜರಿ ಕೊಡುವಂತಾದದ್ದು ಅದರಿಂದಲೇ. ಅದರ ಜಾಗಕ್ಕೆ ಬಂದ 1924ರ ಕಾಯ್ದೆ ಇಡೀ ದೇಶದಲ್ಲಿ ರದ್ದಾದದ್ದು 1952ರಲ್ಲಿ. ಜಾತಿಯ ಹೆಸರೂ ಅಪರಾಧದ ಹೆಸರೂ ಒಂದೇ ಸಾಲಿನಲ್ಲಿ ಕುಳಿತರೆ ಏನಾಗುತ್ತದೆ ಎಂಬುದನ್ನು ನಮ್ಮ ನೆಲ ಅನುಭವಿಸಿದೆ. ಅದಕ್ಕೇ ನನಗೆ ಈ ವಿಷಯದಲ್ಲಿ ಹಟವಿದೆ.

‘ನಾಯಕ’ ಬೇಡವೆಂದ ಮೇಲೆ ಉಳಿದವು ಯಾವುವು? ‘ಮುಖಂಡ’ ರೈತ ಸಂಘಕ್ಕೂ ಪಕ್ಷಗಳಿಗೂ ಸಲ್ಲುವ ಮರ್ಯಾದೆಯ ಪದ. ‘ಸೂತ್ರಧಾರ’ ಒಂದು ಪ್ರಕರಣಕ್ಕೆ ಅಂಟಿಕೊಳ್ಳುತ್ತದೆ. ವರ್ಷಗಟ್ಟಲೆ ಗ್ಯಾಂಗನ್ನು ಸಾಕಿದವನ ಚಿತ್ರ ಅದರಲ್ಲಿ ಮೂಡುವುದಿಲ್ಲ. ‘ರೂವಾರಿ’ಯನ್ನು ನಾನಂತೂ ಬಳಸಲಾರೆ: ಶಾಸನಗಳಲ್ಲಿ ರೂವಾರಿ ಎಂದರೆ ಶಿಲ್ಪಿ, ಅವನನ್ನು ತಂದು ಕೊಲೆ ಸಂಚಿಗೆ ಸೇರಿಸಿದ ಪತ್ರಿಕಾ ರೂಢಿ ನನಗೆ ನೋವು ತರುತ್ತದೆ. ‘ಕಿಂಗ್‌ಪಿನ್’ ಸುದ್ದಿಗೆ ಸರಿ, ಪಾಠಕ್ಕೆ ಒಗ್ಗದು. ‘ರೌಡಿಶೀಟರ್’ ಬೇರೆಯೇ ವಸ್ತು. ಅದು ಠಾಣೆಯ ಕಡತದ ಮಾತು, ನ್ಯಾಯಾಲಯದ ತೀರ್ಪಲ್ಲ.

ನಮ್ಮ ಕಾನೂನುಗಳನ್ನೂ ನೋಡಿದೆ. ‘ಗೂಂಡಾ ಕಾಯ್ದೆ’ ಎಂದು ಎಲ್ಲರೂ ಕರೆಯುವ 1985ರ ಕರ್ನಾಟಕ ಅಧಿನಿಯಮ ಒಬ್ಬಂಟಿಯಾಗಿ, ಗ್ಯಾಂಗಿನ ಸದಸ್ಯನಾಗಿ ಅಥವಾ ಅದರ ಮುಂದಾಳಾಗಿ ರೂಢಿಯಿಂದ ಅಪರಾಧ ಎಸಗುವ ಮೂವರನ್ನೂ ಒಟ್ಟಾಗಿ ‘ಗೂಂಡಾ’ ಎನ್ನುತ್ತದೆ. ಮುಂದಾಳಿಗೆ ಪ್ರತ್ಯೇಕ ಹೆಸರಿಲ್ಲ. ‘ಕೋಕಾ’ ಎಂದು ಪರಿಚಿತವಾದ 2000ದ ಸಂಘಟಿತ ಅಪರಾಧಗಳ ನಿಯಂತ್ರಣ ಅಧಿನಿಯಮ ‘ಸಿಂಡಿಕೇಟ್’ ಎನ್ನುತ್ತದೆ, ಇಬ್ಬರಿದ್ದರೂ ಸಾಕು. ಟೆಕ್ಸಾಸ್‌ನಲ್ಲಿ ಕನಿಷ್ಠ ಮೂವರು ಬೇಕು, ಅವರಿಗೆ ಒಂದು ಸಾಮಾನ್ಯ ಗುರುತು ಅಥವಾ ಗುರುತಿಸಬಹುದಾದ ಮುಂದಾಳತ್ವ ಇರಬೇಕು, ಅವರು ನಿರಂತರವಾಗಿ ಅಪರಾಧದಲ್ಲಿ ಜೊತೆಗೂಡುತ್ತಿರಬೇಕು.

ಗ್ಯಾಂಗ್‌ಗೆ ‘ಕೂಟ’ ಎನ್ನೋಣವೆಂದರೆ ಆ ಪದ ಆಗಲೇ ಬೇರೆಡೆ ಕೆಲಸಕ್ಕೆ ಸೇರಿದೆ. ನಮ್ಮ ಠಾಣೆಗಳ ಎಫ್‌ಐಆರ್ ಓದಿದವರಿಗೆ ‘ಆರೋಪಿತರು ಅಕ್ರಮ ಕೂಟ ಕಟ್ಟಿಕೊಂಡು, ಕೈಯಲ್ಲಿ ಕಟ್ಟಿಗೆ, ಕಲ್ಲು ಹಿಡಿದುಕೊಂಡು ಬಂದು, ಅವಾಚ್ಯ ಶಬ್ದಗಳಿಂದ ಬೈದು’ ಎಂಬ ಧಾಟಿ ಬಾಯಿಪಾಠ. ಅದು ಐವರು ಅಥವಾ ಹೆಚ್ಚು ಜನ ಆ ಹೊತ್ತಿಗೆ ಸೇರಿದ ಗುಂಪು. ಹೊಲದ ಬದುವಿನ ಜಗಳಕ್ಕೂ ಅದೇ ಮಾತು. ಹಾಗಾಗಿ ‘ಗ್ಯಾಂಗ್’ ಎಂದೇ ಉಳಿಸಿದ್ದೇನೆ. ಆದರೆ ತುಂಗಭದ್ರಾ ಎಡದಂಡೆ ನಾಲೆಯ ಮೇಲೆ ಬಿಸಿಲಲ್ಲಿ ದುಡಿಯುವ ಗ್ಯಾಂಗ್‌ಮನ್‌ಗಳು, ರೈಲು ಹಳಿ ಕಾಯುವ ಗ್ಯಾಂಗ್‌ಮನ್‌ಗಳು ಇಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ‘ಗ್ಯಾಂಗ್’ಗೆ ಮೊದಲು ‘ಅಪರಾಧಿ’ ಎಂಬ ವಿಶೇಷಣ ಬಿಡುವಂತಿಲ್ಲ.

ನನ್ನ ಒಲವು ಹೀಗಿದೆ. ಟೆಕ್ಸಾಸ್ ಕಲಮಿನ ತಲೆಬರಹವೇ ವ್ಯಕ್ತಿಯನ್ನು ಹೆಸರಿಸದೆ ಕೃತ್ಯವನ್ನು ಹೆಸರಿಸುತ್ತದೆ. ಕನ್ನಡಕ್ಕೂ ಕ್ರಿಯಾಪದವೇ ಹೊಂದುತ್ತದೆ: ‘ಅಪರಾಧಿ ಗ್ಯಾಂಗ್ ನಡೆಸುವುದು’, ‘ಗ್ಯಾಂಗ್ ನಡೆಸುವವರು’. ಇದರಲ್ಲಿ ಹೆಣ್ಣು ಗಂಡು ಎಂಬ ಭೇದವೂ ಬರುವುದಿಲ್ಲ.

ಬಲ್ಲವರಲ್ಲಿ ಕೇಳುವುದು ಎರಡು. ಒಂದು, ‘ಸ್ಟ್ರೀಟ್’ಗೆ ‘ಬೀದಿ’ ಎಂದರೆ ಬೀದಿ ಮಕ್ಕಳು, ಬೀದಿ ವ್ಯಾಪಾರಿಗಳ ಸಾಲಿಗೆ ಸೇರಿ ಮನೆಯಿಲ್ಲದ ಬಡವರ ಗುಂಪೆಂದು ಓದುಗರು ತಿಳಿಯುವುದಿಲ್ಲವೇ? ‘ಓಣಿ’ ಎಂದರೆ ಅರ್ಥ ಕಿರಿದಾಗುತ್ತದೆಯೇ? ಎರಡು, ನಿಜಾಮರ ಆಡಳಿತ ಕಂಡ ರಾಯಚೂರು, ಕೊಪ್ಪಳದ ಹಿರಿಯ ವಕೀಲರಿಗೆ: ಗುಂಪಿನ ಮುಖ್ಯಸ್ಥ ಎಂಬರ್ಥದ ಉರ್ದುವಿನ ‘ಸರ್ಗನಾ’ ಎಂಬ ಪದ ನಿಮ್ಮ ಕಡೆ ಕನ್ನಡದ ಕಾಗದಪತ್ರಗಳಲ್ಲಿ ಬಳಕೆಯಲ್ಲಿತ್ತೇ? ಇದ್ದರೆ ಯಾವ ಬಗೆಯ ಪ್ರಕರಣದಲ್ಲಿ, ಯಾವ ವಾಕ್ಯದಲ್ಲಿ ಬಂದಿತ್ತೆಂದು ಆ ಸಾಲನ್ನೇ ದಯವಿಟ್ಟು ಬರೆದು ತಿಳಿಸಿ.